ಎರಡು ನಿಮಿಷದ ಮಾತಿಗೆ ಎಷ್ಟು ಬಲೂನು? ಕಲಬುರಗಿ-ಬೀದರಿನ ಪ್ರೊಪೋಸಲ್ ಪ್ಯಾಕೇಜುಗಳ ವಿಮರ್ಶೆ

ಬರ್ತ್‌ಡೇ ಡೆಕೊರೇಷನ್ ಮಾಡುವವರು ಈಗ ‘ಸರ್‌ಪ್ರೈಸ್ ಪ್ರೊಪೋಸಲ್’ ಅಂತ ಒಂದು ಪ್ಯಾಕೇಜನ್ನೂ ಇಟ್ಟುಕೊಂಡಿರುತ್ತಾರೆ. ಪಟ್ಟಿಯಲ್ಲಿ ಏನಿದೆ ಅಂತ ಬಿಡಿಸಿ ನೋಡಿದರೆ ಬರ್ತ್‌ಡೇ ಸಾಮಾನೇ: ನೂರೋ ಇನ್ನೂರೋ ಬಲೂನು, ಗುಲಾಬಿ ಪಕಳೆ, ಕೇಕು, ಹೊಗೆ ಯಂತ್ರ, ಪಾರ್ಟಿ ಪಾಪರ್, ‘ಮ್ಯಾರಿ ಮಿ’ ಅನ್ನೋ ಫಾಯಿಲ್ ಅಕ್ಷರ. ಕೆಲವು ಕಡೆ ಹುಟ್ಟುಹಬ್ಬದ ಬ್ಯಾನರು ಕೂಡ ಗೋಡೆಯಿಂದ ಇಳಿದಿರುವುದಿಲ್ಲ. ಉಂಗುರ ಕೊಡುವ ಮಾತಿಗೆ ಖರೆ ಬೇಕಾದ ಎರಡು ಸಂಗತಿ ಈ ಪಟ್ಟಿಯಲ್ಲಿ ಇರುವುದೇ ಇಲ್ಲ, ಇಲ್ಲವೇ ‘ಎಕ್ಸ್‌ಟ್ರಾ’ ಅಂತ ಕೆಳಗೆ ಇರುತ್ತವೆ. ಒಂದು, ಆ ಗಳಿಗೆಯನ್ನು ಹಿಡಿಯುವ ಫೋಟೋಗ್ರಾಫರ್. ಇನ್ನೊಂದು, ಅವನಿಗೆ ಬೇಕಾದ ಬೆಳಕು. ನೂರು ರೂಪಾಯಿ ಖರ್ಚಿನಲ್ಲಿ ನಲವತ್ತಾದರೂ ಇವೆರಡಕ್ಕೆ ಹೋಗಬೇಕು, ಬಲೂನಿಗೆ ಹತ್ತಕ್ಕಿಂತ ಹೆಚ್ಚು ಬೇಡ ಅನ್ನುವುದು ಈ ವಿಮರ್ಶೆಯ ಪಕ್ಷ.

ಮೊದಲು ಕೋಣೆಯ ಪ್ಯಾಕೇಜು. ಪ್ರೊಜೆಕ್ಟರ್, ಸೋಫಾ, ಎಸಿ ಇರುವ ಸಣ್ಣ ಕೋಣೆಯನ್ನು ಎರಡು-ಮೂರು ತಾಸಿಗೆ ಕೊಡುವ ಪದ್ಧತಿ ಇದು. ಪ್ರೈವೇಟ್ ಥಿಯೇಟರ್ ಅಂತಲೂ ಕರೆಯುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಇದಕ್ಕಿಂತ ಸುರಕ್ಷಿತ ಆಯ್ಕೆ ಇಲ್ಲ, ಅದನ್ನು ಒಪ್ಪಬೇಕು. ಆದರೆ ಬುಕ್ ಮಾಡುವಾಗ ಕೇಳಬೇಕಾದ್ದು ದರವಲ್ಲ, ತಾಸಿನ ಲೆಕ್ಕ. ನಿಮ್ಮ ಎರಡು ತಾಸು ಶುರುವಾಗುವುದು ಬಲೂನು ಕಟ್ಟಲು ಬಾಗಿಲು ತೆರೆದಾಗಲೋ, ನೀವು ಒಳಗೆ ಕಾಲಿಟ್ಟಾಗಲೋ? ಎಷ್ಟೋ ಕಡೆ ಹಿಂದಿನವರ ಸ್ಲಾಟಿಗೂ ನಿಮ್ಮದಕ್ಕೂ ನಡುವೆ ಕಾಲು ತಾಸು ಅಷ್ಟೇ ಇರುತ್ತದೆ. ಅವರು ಹತ್ತು ನಿಮಿಷ ತಡ ಮಾಡಿದರೆ ನಿಮ್ಮ ಹುಡುಗಿ ಮೆಟ್ಟಿಲ ಮೇಲೆ ನಿಂತು ಒಳಗಿನ ಏಣಿ, ಪಂಪು, ಅರ್ಧ ಕಟ್ಟಿದ ಕಮಾನು ಎಲ್ಲ ನೋಡಿಬಿಡುತ್ತಾಳೆ. ದಿನದ ಮೊದಲ ಸ್ಲಾಟು ಕೇಳಿ. ಹಿಂದೆ ಯಾರೂ ಇರುವುದಿಲ್ಲ.

ಪ್ರೊಜೆಕ್ಟರಿನಲ್ಲಿ ಇಬ್ಬರ ಫೋಟೋಗಳ ವಿಡಿಯೋ ಹಾಕುವುದಿದ್ದರೆ ಫೈಲು ಎಂಪಿ4, ಚಿತ್ರ ಎಚ್.264, ಅಳತೆ 1080ಪಿ, ಧ್ವನಿ ಎಎಸಿ ಇರಲಿ. ಇಷ್ಟಿದ್ದರೆ ಹೆಚ್ಚುಕಡಿಮೆ ಯಾವ ಟಿವಿ, ಪ್ರೊಜೆಕ್ಟರೂ ತಕರಾರು ಮಾಡುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಓಡಿದ ಎಂಕೆವಿ ಫೈಲು ಅಲ್ಲಿ ಎಷ್ಟೋ ಸಲ ಚಿತ್ರ ತೋರಿಸಿ ಧ್ವನಿ ನುಂಗುತ್ತದೆ; ಒಳಗಿನ ಆಡಿಯೋ ಫಾರ್ಮ್ಯಾಟು ಅಲ್ಲಿನ ಯಂತ್ರಕ್ಕೆ ಗೊತ್ತಿರುವುದಿಲ್ಲ, ಅದೇ ಕಾರಣ. ಪೆನ್‌ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟಿನದಾಗಿರಲಿ, ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಕೂರುವುದಿಲ್ಲ. ವಿಡಿಯೋ ನಾಲ್ಕು ನಿಮಿಷ ದಾಟದಿರಲಿ. ಇನ್ನು ಕರೆಂಟು: ‘ಇನ್ವರ್ಟರ್ ಇದೆ’ ಅಂದರೆ ಸಾಲದು, ಪ್ರೊಜೆಕ್ಟರು ಇನ್ವರ್ಟರ್ ಲೈನಿನ ಮೇಲೆ ಇದೆಯೇ ಅಂತ ಕೇಳಿ. ಲೈಟು-ಫ್ಯಾನು ಮಾತ್ರ ಇರುವುದು ಸಾಮಾನ್ಯ. ಆಗ ಕರೆಂಟು ಹೋದರೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಪ್ಪು ಪರದೆ ನೋಡುತ್ತ ಕೂರಬೇಕು.

ಬಲೂನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಅಪಾಯ ಇರುವುದು ಇಲ್ಲಿಯೇ. ತೇಲುವ ಬಲೂನು ಅಂದರೆ ಹೀಲಿಯಂ ಇರಬೇಕು. ಹೀಲಿಯಂ ತುಟ್ಟಿ, ಅದಕ್ಕೇ ಜಾತ್ರೆಯ ಬಲೂನಿಗೆ ತುಂಬುವ ಹೈಡ್ರೋಜನ್ನನ್ನೇ ತುಂಬಿ ಕೊಡುವವರು ಇದ್ದಾರೆ. ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂ ಚೂರು ಸೇರಿಸಿ ಹಳೇ ಸಿಲಿಂಡರಿನಲ್ಲಿ ತಯಾರಿಸುವ ಅನಿಲ ಅದು. ಗಾಳಿಯಲ್ಲಿ ಶೇ 4ರಿಂದ 75ರಷ್ಟು ಬೆರೆತಿದ್ದರೂ ಹೈಡ್ರೋಜನ್ನಿಗೆ ಕಿಡಿ ಸಾಕು. ಪ್ರೊಪೋಸಲ್ ಕೋಣೆಯಲ್ಲಿ ಕಿಡಿಗೆ ಬರವೇ? ನೆಲದ ತುಂಬ ಮೇಣದಬತ್ತಿ, ಕೇಕಿನ ಮೇಲೆ ಸುರುಸುರುಬತ್ತಿ, ಪಕ್ಕದಲ್ಲಿ ಕಿಡಿಯ ಕಾರಂಜಿ ಚಿಮ್ಮಿಸುವ ಕೋಲ್ಡ್ ಪೈರೋ. ಮುಚ್ಚಿದ ಕೋಣೆಯಲ್ಲಿ ಇಪ್ಪತ್ತು ಹೈಡ್ರೋಜನ್ ಬಲೂನು ಒಟ್ಟಿಗೆ ಹತ್ತಿಕೊಂಡರೆ ಮುಖ, ಕೂದಲು, ಸೀರೆ ಯಾವುದೂ ಉಳಿಯುವುದಿಲ್ಲ. ಸಿಲಿಂಡರು ತೋರಿಸಲು ಹಿಂದೇಟು ಹಾಕಿದರೆ ತೇಲುವ ಬಲೂನು ಬೇಡವೇ ಬೇಡ. ಮಾಮೂಲಿ ಗಾಳಿ ತುಂಬಿ, ಎರಡೂ ಬದಿ ಅಂಟುವ ಗ್ಲೂ ಡಾಟ್‌ನಿಂದ ಛಾವಣಿಗೆ ಅಂಟಿಸಿದರೆ ಫೋಟೋದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಅಸಲಿ ಹೀಲಿಯಂ ತುಂಬಿದ ಹನ್ನೊಂದು ಇಂಚಿನ ರಬ್ಬರ್ ಬಲೂನೂ ತೇಲುವುದು ಸಾಮಾನ್ಯವಾಗಿ 12ರಿಂದ 20 ತಾಸು. ಬೆಳಿಗ್ಗೆ ತುಂಬಿ ರಾತ್ರಿಗೆ ಇಟ್ಟರೆ ಆ ಹೊತ್ತಿಗೆ ಕೆಳಗೆ ಇಳಿಯತೊಡಗಿರಬಹುದು.

ಟೆರೇಸಿನ ಪ್ಯಾಕೇಜಿನಲ್ಲಿ ಇದೇ ಬಲೂನು ಬೇರೆ ರೀತಿ ಕೆಡುತ್ತದೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಬ್ಬರು ಹೊಳಪು ಕಳೆದುಕೊಂಡು ಮಂಕಾಗಿ ಒಂದೊಂದೇ ಒಡೆಯುತ್ತದೆ. ಬಲೂನಿನ ಮೇಲೆ ಬರೆದ ಅಳತೆಗಿಂತ ಒಂದು ಇಂಚು ಕಡಿಮೆ ತುಂಬಿದರೆ ಉಳಿಯುತ್ತದೆ. ಹನ್ನೆರಡರದ್ದು ಹನ್ನೊಂದಕ್ಕೆ ನಿಲ್ಲಿಸಿ. ಬೆಳ್ಳಿ ಬಣ್ಣದ ಫಾಯಿಲ್ ಅಕ್ಷರ ಹಾರಿ ಹೋಗಿ ಕರೆಂಟಿನ ತಂತಿಗೆ ತಾಗಿದರೆ ಶಾರ್ಟ್ ಆಗುತ್ತದೆ, ಅದರ ಮೇಲಿನ ಲೋಹದ ಲೇಪದಲ್ಲಿ ವಿದ್ಯುತ್ ಹರಿಯುತ್ತದೆ. ನಮ್ಮ ಓಣಿಗಳಲ್ಲಿ ತಂತಿ ಟೆರೇಸಿನ ಕೈಗೋಡೆಯ ಪಕ್ಕದಲ್ಲೇ ಇರುವುದರಿಂದ ಇದು ಬರೀ ಹೆದರಿಕೆಯ ಮಾತಲ್ಲ. ಮೇಣದಬತ್ತಿ? ಬೇಸಿಗೆಯ ಟೆರೇಸಿನ ಮೇಲೆ ಮಧ್ಯಾಹ್ನವೇ ಇಟ್ಟ ಉದ್ದನೆಯ ಬತ್ತಿ ಸಂಜೆ ಹೊತ್ತಿಗೆ ಬಾಗಿ ನಮಸ್ಕಾರ ಮಾಡುತ್ತಿರುತ್ತದೆ. ಸೆಲ್ ಹಾಕುವ ಎಲ್‌ಇಡಿ ದೀಪವೇ ಛಲೋ. ಗಾಳಿಗೆ ಆರುವುದಿಲ್ಲ, ಸೆರಗಿಗೆ ಹತ್ತುವುದಿಲ್ಲ. ಗುಲಾಬಿ ಪಕಳೆಯನ್ನು ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿಟ್ಟು ಕೊನೆಯ ಇಪ್ಪತ್ತು ನಿಮಿಷದಲ್ಲಿ ಹರವಬೇಕು. ನುಣುಪು ಟೈಲ್ಸಿನ ಮೇಲೆ ಹಾಕಿದರೆ ಹೀಲ್ಸ್ ಜಾರುತ್ತದೆ, ನಡೆಯುವ ದಾರಿಯ ಎರಡೂ ಅಂಚಿಗೆ ಹಾಕಿ ನಡು ಖಾಲಿ ಬಿಡಿ.

ಅಕ್ಷರದ ವಿಷಯ. ಬಾಡಿಗೆಗೆ ಸಿಗುವ ದೀಪದಕ್ಷರ ಇಂಗ್ಲಿಷಿನವು. ಕನ್ನಡದಲ್ಲಿ ಬೇಕು ಅಂದರೆ ನಿಯಾನ್ ಪೈಪಿನಲ್ಲಿ ಮಾಡಿಸಬೇಕು, ತೊಂದರೆ ಶುರುವಾಗುವುದು ಒತ್ತಕ್ಷರದಲ್ಲಿ. ಆ ಪೈಪನ್ನು ತೀರಾ ಸಣ್ಣ ತಿರುವಿಗೆ ಬಗ್ಗಿಸಲು ಬರುವುದಿಲ್ಲ, ಒಳಗಿನ ಎಲ್‌ಇಡಿ ಪಟ್ಟಿ ಮುರಿಯುತ್ತದೆ. ಹಾಗಾಗಿ ಮಾಡುವವರು ಒತ್ತನ್ನು ಬಿಟ್ಟುಬಿಡುತ್ತಾರೆ. ‘ಲಗ್ನ’ ಅಂತ ಬರೆದು ಕೊಟ್ಟದ್ದು ‘ಲಗನ’ ಆಗಿ ಬರುತ್ತದೆ, ‘ನನ್ನ’ ಅನ್ನುವುದು ‘ನನ’ ಆಗುತ್ತದೆ. ಎರಡು ದಾರಿ ಇವೆ. ಒಂದೋ ಅಕ್ಷರದ ಎತ್ತರ ಒಂದೂವರೆ ಅಡಿಗೆ ಏರಿಸಿ ಒತ್ತಿಗೆ ಜಾಗ ಮಾಡಿಕೊಡಬೇಕು, ಇಲ್ಲವೇ ಒತ್ತೇ ಇಲ್ಲದ ಮಾತು ಆರಿಸಬೇಕು. ‘ನನಗ ನೀನು, ನಿನಗ ನಾನು’: ಹತ್ತೇ ಅಕ್ಷರ, ಒಂದೂ ಒತ್ತಿಲ್ಲ, ಮೇಲಾಗಿ ನಮ್ಮ ಭಾಗದ ಬಾಯಿಮಾತು. ಬೋರ್ಡ್ ಬರೆಯುವ ಕಲಾವಿದರ ಹತ್ತಿರ ಬಟ್ಟೆಯ ಮೇಲೆ ಬರೆಸಿದರೆ ಇನ್ನೂ ಅಗ್ಗ. ಒತ್ತು, ಕೊಂಬು, ದೀರ್ಘ ಎಲ್ಲ ಅವರ ಕೈಯಲ್ಲಿ ನೆಟ್ಟಗೆ ಬರುತ್ತವೆ.

ಹೊರಾಂಗಣದ ಪ್ಯಾಕೇಜಿಗೆ ಬಂದರೆ ಕಲಬುರಗಿಗಿಂತ ಬೀದರ್ ಮೇಲು, ಅದರಲ್ಲಿ ಅನುಮಾನ ಬೇಡ. ಕಲಬುರಗಿ ಕೋಟೆಯ ಕಲ್ಲು ಕರಿ ಕಲ್ಲು, ಬೆಳಕನ್ನು ನುಂಗುತ್ತದೆ. ಅಪ್ಪನ ಕೆರೆಯ ದಂಡೆಯಲ್ಲಿ ಸಂಜೆ ಜನವೋ ಜನ. ಬುದ್ಧ ವಿಹಾರ ಧ್ಯಾನದ ಜಾಗ, ಅಲ್ಲಿ ಮಂಡಿಯೂರಿ ಚಪ್ಪಾಳೆ ಹೊಡೆಸುವುದು ಸಭ್ಯತೆಯಲ್ಲ. ಬೀದರಿನ ಜಂಬಿಟ್ಟಿಗೆ ಕಲ್ಲಿಗೆ ಬೆಳಗಿನ ಓರೆ ಬಿಸಿಲು ಬಿದ್ದರೆ ಬೇರೆ ಅಲಂಕಾರವೇ ಬೇಕಿಲ್ಲ. ಕಲ್ಲಿನ ಕೆಂಪು ಗಮನದಲ್ಲಿಟ್ಟು ಬಟ್ಟೆ ಹೇಳಿ: ಕೆಂಪು, ಇಟ್ಟಿಗೆ, ಕಂದು ಬಣ್ಣ ಹಿನ್ನೆಲೆಯಲ್ಲಿ ಕರಗುತ್ತವೆ, ಬಿಳಿ, ತಿಳಿ ಹಸಿರು, ಹಳದಿ ಎದ್ದು ಕಾಣುತ್ತವೆ. ‘ಇವತ್ತು ಆ ಹಳದಿ ಡ್ರೆಸ್ ಹಾಕೋ’ ಅನ್ನುವ ಮಾತು ಗೆಳತಿಯ ಬಾಯಿಂದ ಹೋದರೆ ಅನುಮಾನ ಕಡಿಮೆ.

ಕಲಬುರಗಿಯಿಂದ ಬೀದರಿಗೆ ನೂರ ಹತ್ತು ಕಿ.ಮೀ. ಮೇಲೆ. ಕಾರಿನಲ್ಲಿ ಎರಡೂವರೆಯಿಂದ ಮೂರು ತಾಸು ಹಿಡಿಯುತ್ತದೆ, ಹುಮನಾಬಾದ್ ಮೇಲೆ ರೈಲೂ ಇದೆ. ಪ್ಯಾಕೇಜಿನವರು ಕಲಬುರಗಿಯಿಂದಲೇ ಕೇಕು ತರುತ್ತೇವೆ ಅಂದರೆ ಬೇಡ ಅನ್ನಿ. ವನಸ್ಪತಿ ಕ್ರೀಮು ಅಷ್ಟು ದೂರ ಕಾರಿನ ಡಿಕ್ಕಿಯಲ್ಲಿ ಆಕಾರ ಉಳಿಸಿಕೊಳ್ಳುವುದಿಲ್ಲ. ಉಂಗುರವನ್ನು ಕೇಕಿನೊಳಗೆ ಇಡುವ ಯೋಚನೆಯಂತೂ ಪಟ್ಟಿಯಿಂದ ತೆಗೆಸಿ. ಕಲ್ಲಿನ ಕೆಳಗೆ ಕ್ರೀಮು ಕೂತರೆ ಅಕ್ಕಸಾಲಿಗರ ಹತ್ತಿರವೇ ಹೋಗಬೇಕು, ನುಂಗಿದರೆ ಡಾಕ್ಟರ ಹತ್ತಿರ.

ಬೀದರ್ ಕೋಟೆ ಮತ್ತು ಊರ ಪಕ್ಕದ ಅಷ್ಟೂರಿನ ಬಹಮನಿ ಗುಂಬಜುಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಕೈಯಲ್ಲಿ ಹಿಡಿದ ಕ್ಯಾಮೆರಾಗೆ ಸಾಮಾನ್ಯವಾಗಿ ತಡೆ ಇಲ್ಲ. ಟ್ರೈಪಾಡು, ಲೈಟ್ ಸ್ಟ್ಯಾಂಡು, ಬಲೂನ್ ಕಮಾನು, ಸ್ಪೀಕರು ಅಂದರೆ ಮುಂಚಿತವಾಗಿ ಲಿಖಿತ ಅನುಮತಿ ಬೇಕು. ‘ಅಲ್ಲಿ ನಮ್ಮ ಮಂದಿ ಇದ್ದಾರೆ, ನೋಡ್ಕೊಳ್ತೇವ್ರಿ’ ಅನ್ನುವ ಪ್ಯಾಕೇಜಿನವರಿಗೆ ಅನುಮತಿ ಪತ್ರ ತೋರಿಸಿ ಅನ್ನಿ. ಪತ್ರ ಇಲ್ಲದಿದ್ದರೆ ಕಾವಲುಗಾರ ಬಂದು ಎಬ್ಬಿಸುವುದು ಸರಿಯಾಗಿ ನೀವು ಮಂಡಿಯೂರಿದಾಗಲೇ. ಡ್ರೋನ್ ಶಾಟ್ ಸೇರಿಸಿ ಬೀದರ್ ಪ್ಯಾಕೇಜು ಮಾರುವವರನ್ನು ಅಲ್ಲಿಗೇ ಬಿಟ್ಟು ಬನ್ನಿ. ಊರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಎಲ್ಲಿ ಡ್ರೋನ್ ಹಾರಿಸಬಹುದು, ಎಲ್ಲಿ ಬಾರದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು.

ಹೊತ್ತು ಹೇಗೆ ಗೊತ್ತು ಮಾಡುವುದು? ಬೀದರಿನಲ್ಲಿ ಡಿಸೆಂಬರಿನಲ್ಲಿ ಹೊತ್ತು ಮುಳುಗುವುದು ಸುಮಾರು 5:45ಕ್ಕೆ, ಜೂನ್ ಕೊನೆಗೆ 7ರ ಹತ್ತಿರ. ‘ಸನ್‌ಸೆಟ್ ಪ್ಯಾಕೇಜು’ ಬೇಸಿಗೆಯಲ್ಲಿ ಕೈಕೊಡುವುದು ಇಲ್ಲಿಯೇ: ಬೆಳಕು ಬಂಗಾರವಾಗುವ ಹೊತ್ತಿಗೆ ಕಾವಲುಗಾರರು ಸೀಟಿ ಊದಿ ಹೊರಗೆ ಕಳಿಸುತ್ತಿರುತ್ತಾರೆ. ಗೇಟು ಮುಚ್ಚುವ ಸಮಯವನ್ನು ಹಿಂದಿನ ದಿನವೇ ಗೇಟಿನಲ್ಲಿ ಕೇಳಿ. ಬೆಳಿಗ್ಗೆ ಗೇಟು ತೆರೆದ ಮೊದಲ ಒಂದು ತಾಸು ನಮ್ಮ ಆಯ್ಕೆ. ಬಿಸಿಲು ಇನ್ನೂ ಓರೆ ಇರುತ್ತದೆ, ಶಾಲೆ ಪ್ರವಾಸದ ಬಸ್ಸು ಬಂದಿರುವುದಿಲ್ಲ, ನೆಲ ಕಾದಿರುವುದಿಲ್ಲ. ಅಷ್ಟೂರಿನ ಗುಂಬಜುಗಳ ಸಾಲು ಫೋಟೋಕ್ಕೆ ಕೋಟೆಗಿಂತ ಚಂದ, ಆದರೆ ಅವು ಗೋರಿಗಳು. ಒಳಗೆ ಬೇಡ, ಹೊರಗಿನ ಹುಲ್ಲಿನ ದಾರಿಯಲ್ಲಿ ಸಾಲು ಹಿಂದೆ ಕಾಣುವಂತೆ ನಿಂತರೆ ಸಾಕು. ಪಾಪರ್ ಹೊಡೆಯುವುದು, ಹಾಡು ಹಾಕುವುದು ಅಲ್ಲಿ ತರವಲ್ಲ. ಯಾದಗಿರಿ ಕಡೆಯವರಿಗೆ ಶಹಾಪುರದ ಮಲಗಿದ ಬುದ್ಧನ ಬೆಟ್ಟ ಹಿಂದೆ ಬರುವಂತೆ ರಸ್ತೆಬದಿಯ ಹೊಲದ ಬದು ಸಿಕ್ಕರೆ ಅದೇ ದೊಡ್ಡ ಸೆಟ್ಟು; ಪ್ಯಾಕೇಜಿನ ಹಂಗು ಬೇಡ, ಹೊಲದವರನ್ನು ಒಂದು ಮಾತು ಕೇಳಿದರಾಯಿತು.

ಫೋಟೋಗ್ರಾಫರಿಗೆ ಕೊಡುವ ದುಡ್ಡು ಯಾಕೆ ಸಾರ್ಥಕ ಅಂದರೆ, ಮಂಡಿಯೂರಿದ ಕ್ಷಣದಿಂದ ಉಂಗುರ ಬೆರಳಿಗೆ ಏರುವವರೆಗೆ ಒಂದೂವರೆ ಎರಡು ನಿಮಿಷ, ಅದರಲ್ಲಿ ಮುಖ ಬದಲಾಗುವುದು ಮೊದಲ ಕೆಲವೇ ಸೆಕೆಂಡಿನಲ್ಲಿ. ಅವನು ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್ ಹಾಕಿಕೊಂಡು ಇಪ್ಪತ್ತು ಮೀಟರ್ ದೂರದಲ್ಲಿ ಕೋಟೆಯ ಫೋಟೋ ತೆಗೆಯುವ ಪ್ರವಾಸಿಯಂತೆ ನಿಂತಿರಬೇಕು. ಶಟರ್ ಸೆಕೆಂಡಿನ 250ನೇ ಒಂದಕ್ಕಿಂತ ನಿಧಾನ ಬೇಡ, ನಡುಗುವ ಕೈ ಮಸುಕಾಗುತ್ತದೆ. ಹೆಚ್ಚಿನವರು ತಪ್ಪುವುದು ಮಂಡಿಯೂರುವ ದಿಕ್ಕಿನಲ್ಲಿ. ಕ್ಯಾಮೆರಾಗೆ ಬೆನ್ನು ಹಾಕಿ ಕೂತರೆ ಫೋಟೋದಲ್ಲಿ ಶರ್ಟು ಮಾತ್ರ ಬರುತ್ತದೆ. ಇಬ್ಬರೂ ಪಕ್ಕದಿಂದ ಕಾಣಬೇಕು, ಹುಡುಗಿಯ ಮುಖ ಅರ್ಧ ಕ್ಯಾಮೆರಾ ಕಡೆ ಇರಬೇಕು, ಉಂಗುರದ ಡಬ್ಬಿಯನ್ನು ಕ್ಯಾಮೆರಾದಿಂದ ದೂರದ ಕೈಯಲ್ಲಿ ಹಿಡಿಯಬೇಕು, ಇಲ್ಲವಾದರೆ ಮೊಣಕೈ ಅದನ್ನು ಮುಚ್ಚುತ್ತದೆ. ನಿಲ್ಲುವ ಜಾಗಕ್ಕೆ ಹಿಂದಿನ ದಿನ ಹೋಗಿ ಒಂದು ಚಪ್ಪಟೆ ಕಲ್ಲನ್ನು ಗುರುತು ಮಾಡಿಕೊಳ್ಳಿ. ಫೋಟೋಗ್ರಾಫರಿಗೆ ಸನ್ನೆ ಫೋನಿನಲ್ಲಿ ಬೇಡ, ದಪ್ಪ ಗೋಡೆಯ ನಡುವೆ ಮೆಸೇಜು ಯಾವಾಗ ಮುಟ್ಟುತ್ತದೋ ಹೇಳಲಾಗದು. ಕನ್ನಡಕ ತೆಗೆದು ಜೇಬಿಗೆ ಹಾಕುವುದು, ಶೂ ಲೇಸ್ ಕಟ್ಟುವುದು, ಇಂಥದ್ದು ಸಾಕು. ಲೇಸಿನದು ಜಾಣತನದ್ದು: ಹೇಗೂ ಬಗ್ಗಬೇಕಲ್ಲ.

ಗೆಳೆಯನ ಫೋನಿನಲ್ಲೇ ವಿಡಿಯೋ ಮಾಡುವುದಿದ್ದರೆ ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಲಿ, ಫೋನು ಅಡ್ಡ ಹಿಡಿಯಲಿ. 4ಕೆ ವಿಡಿಯೋ ನಿಮಿಷಕ್ಕೆ 170ರಿಂದ 350 ಎಂಬಿ ತಿನ್ನುತ್ತದೆ, ಜಾಗ ಮೊದಲೇ ಖಾಲಿ ಮಾಡಿಟ್ಟುಕೊಳ್ಳಬೇಕು. ಮೇ ತಿಂಗಳ ಬಿಸಿಲಿನಲ್ಲಿ ಅರ್ಧ ತಾಸು ಕಾದು ನಿಂತ ಫೋನು ಬಿಸಿ ಏರಿ ಕ್ಯಾಮೆರಾ ತಾನೇ ಮುಚ್ಚಿಕೊಳ್ಳುತ್ತದೆ. ಕೊನೆಯ ಕ್ಷಣದವರೆಗೆ ನೆರಳಿನಲ್ಲಿರಲಿ.

ಪ್ಯಾಕೇಜಿನ ಕರಾರಿನಲ್ಲಿ ಸಣ್ಣಕ್ಷರದ ಒಂದು ಸಾಲು ಇರುತ್ತದೆ: ವಿಡಿಯೋವನ್ನು ಅವರ ಪೇಜಿನಲ್ಲಿ ರೀಲ್ ಮಾಡಿ ಹಾಕುವ ಹಕ್ಕು. ರಿಯಾಯಿತಿ ಕೊಟ್ಟರೆ ಅದರ ಬೆಲೆ ಇದೇ. ಊರು ಸಣ್ಣದು. ಕಲಬುರಗಿ ಪೇಟೆಯ ಸೂಪರ್ ಮಾರ್ಕೆಟ್‌ನಲ್ಲಿ ಸಂತೆಗೆ ಬಂದ ಕಾಕಾ ಒಬ್ಬರು ಆ ರೀಲ್ ನೋಡಿದರೆ ಹುಡುಗಿ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ‘ನಾವು ಲಿಖಿತವಾಗಿ ಒಪ್ಪುವವರೆಗೆ ಯಾವ ಫೋಟೋ, ವಿಡಿಯೋ ಹಾಕುವಂತಿಲ್ಲ’ ಅಂತ ವಾಟ್ಸಾಪಿನಲ್ಲಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ. ಇನ್ನೊಂದು, ಪಾಪರ್ ಹಿಡಿದು ನಿಂತ ಹುಡುಗರಿಗೆ ‘ಅವಳು ಏನಾದರೂ ಅಂದ ಕೂಡಲೇ ಹೊಡಿರಿ’ ಅಂತ ಹೇಳಿರುತ್ತಾರೆ. ಅವಳು ಅನ್ನುವುದು ‘ಮನ್ಯಾಗ ಒಂದ್ ಮಾತ್ ಕೇಳ್ತೀನಿ’ ಅಂತಲೂ ಇರಬಹುದು. ನಮ್ಮ ಕಡೆ ಅದು ಮರ್ಯಾದೆಯ ಉತ್ತರ. ಅದರ ಮೇಲೆ ಬಣ್ಣದ ಕಾಗದ ಸುರಿದರೆ ಇಬ್ಬರಿಗೂ ಮುಖ ಎಲ್ಲಿಡಬೇಕು ತಿಳಿಯುವುದಿಲ್ಲ. ನೀವು ಕೈ ಎತ್ತಿದರೆ ಮಾತ್ರ ಪಾಪರ್ ಅನ್ನುವ ಕಟ್ಟುಪಾಡು ಮಾಡಿ. ಎರಡೂ ಮನೆಯಲ್ಲಿ ಮಾತಾಗಿ ನಿಶ್ಚಯ ಕಾರ್ಯದ ದಿನ ಇನ್ನೂ ಬಾಕಿ ಇರುವ ನಡುವಿನ ಅವಧಿ ಈ ಸರ್‌ಪ್ರೈಸಿಗೆ ಎಲ್ಲಕ್ಕಿಂತ ಹದವಾದ ಕಾಲ.

ಇನ್ನು ಈ ಭಾಗದವರಿಗೆ ಮಾತ್ರ ಕೈಗೆಟುಕುವ ಒಂದು ವಸ್ತು: ಬಿದರಿ ಉಂಗುರದ ಡಬ್ಬಿ. ಪ್ಯಾಕೇಜಿನ ಕೆಂಪು ವೆಲ್ವೆಟ್ ಡಬ್ಬಿಯ ಬದಲು ಇದಕ್ಕೆ ಖರ್ಚು ಮಾಡಿ. ಹದಿನಾರು ಪಾಲು ಸತು, ಒಂದು ಪಾಲು ತಾಮ್ರ ಸೇರಿಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಉಳಿಯಿಂದ ಚಿತ್ತಾರ ಕೊರೆದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಲ್ಲಿ ಬಿಸಿ ಮಾಡಿದಾಗ ಎರಕದ ಲೋಹ ಮಾತ್ರ ಕಪ್ಪಾಗಿ ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲೆ. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು ಇದಕ್ಕೇ. ಹೆಸರಿನ ಅಕ್ಷರ ಕೊರೆಸುವುದಿದ್ದರೆ ಇಷ್ಟೂ ಹಂತ ಹೊಸದಾಗಿ ಆಗಬೇಕು, ತಯಾರಿದ್ದ ಡಬ್ಬಿಯ ಮೇಲೆ ಗೀಚಿ ಕೊಡುವ ಕೆಲಸವಲ್ಲ. ವಾರಗಟ್ಟಲೆ ಮುಂಚೆ ಹೇಳಿ.

ಡಬ್ಬಿಯ ದೋಷ ಭಾರ. ಆರು ಸೆಂ.ಮೀ. ಚೌಕದ, ನಾಲ್ಕು ಎತ್ತರದ, ಮೂರು ಮಿ.ಮೀ. ದಪ್ಪದ ಡಬ್ಬಿಯ ಲೆಕ್ಕ ಹಾಕಿದರೆ ಸುಮಾರು 320 ಗ್ರಾಂ ಆಗುತ್ತದೆ. ಪ್ಯಾಂಟಿನ ಜೇಬು ಜೋತು ಬಿದ್ದು ಗುಟ್ಟು ರಟ್ಟು. ನಾಲ್ಕೂವರೆ ಸೆಂ.ಮೀ. ಅಗಲ, ಮೂರು ಎತ್ತರದ ದುಂಡು ಡಬ್ಬಿ, ಎರಡು ಮಿ.ಮೀ. ದಪ್ಪ ಕೇಳಿ, ನೂರು ಗ್ರಾಮಿನ ಆಸುಪಾಸು ಬರುತ್ತದೆ. ಕಲ್ಲಿನ ಮೇಲೆ ಬಿದ್ದರೆ ಸತುವಿನ ಎರಕ ಅಂಚು ಒಡೆಯುತ್ತದೆ, ಹಿತ್ತಾಳೆಯಂತೆ ತಗ್ಗಾಗಿ ಸುಮ್ಮನಾಗುವುದಿಲ್ಲ. ಅಸಲಿ ನೋಡುವುದು ಹೀಗೆ: ಉಗುರು ಆಡಿಸಿದರೆ ಬೆಳ್ಳಿಯ ಅಂಚು ತಾಗಬಾರದು, ಆಯಸ್ಕಾಂತ ಹಿಡಿಯಬಾರದು, ಕೈಯಲ್ಲಿ ತೂಕ ತಿಳಿಯಬೇಕು. ಹಗುರ ಇದ್ದರೆ ಬಣ್ಣ ಬಳಿದ ಅಲ್ಯೂಮಿನಿಯಂ. ಹೊಳಪಿಗೆ ಹಚ್ಚಿದ ಎಣ್ಣೆ ಬಿಳಿ ಅಸ್ತರಿಗೆ ಕಲೆ ಮಾಡುತ್ತದೆ, ಅದಕ್ಕೆ ಒಳಗೆ ಕಪ್ಪು ಮಖಮಲ್ ಹಾಕಿಸಿ. ಮುಂದೆ ಮಂಕಾದರೆ ಹುಣಸೆಹಣ್ಣು, ಹಿತ್ತಾಳೆ ಪಾಲಿಷು ತಾಗಿಸಬೇಡಿ, ಕಪ್ಪೇ ಎದ್ದು ಹೋಗುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒಣ ಬಟ್ಟೆಯಿಂದ ಒರೆಸಿ.

ಉಂಗುರದ ಅಳತೆಗೆ ಪ್ಯಾಕೇಜಿನವರು ಕೊಡುವ ‘ಅಂದಾಜು 12’ ನಂಬಬೇಡಿ. ಅವಳ ಒಂದು ಉಂಗುರವನ್ನು ಗೆಳತಿಯ ಮೂಲಕ ತರಿಸಿ ಒಳಗಿನ ಅಡ್ಡಳತೆಯನ್ನು ಸ್ಕೇಲಿನ ಮೇಲೆ ಅಳೆದು 3.14ರಿಂದ ಗುಣಿಸಿ, ಬಂದ ಮಿಲಿಮೀಟರಿನಲ್ಲಿ 40 ಕಳೆದರೆ ನಮ್ಮ ಅಂಗಡಿಗಳ ಸೈಜು. 16.5 ಮಿ.ಮೀ. ಅಂದರೆ ಸುತ್ತಳತೆ 52, ಸೈಜು 12. ಅಡ್ಡಳತೆಯಲ್ಲಿ ಒಂದು ಮಿ.ಮೀ. ತಪ್ಪಿದರೆ ಮೂರು ಸೈಜು ತಪ್ಪುತ್ತದೆ. ಆ ಉಂಗುರ ಯಾವ ಬೆರಳಿನದು, ಯಾವ ಕೈಯದು ಅಂತಲೂ ಕೇಳಬೇಕು. ಅನುಮಾನ ಇದ್ದರೆ ಒಂದು ಸೈಜು ದೊಡ್ಡದು ತಗೊಳ್ಳಿ, ಬಿಸಿಲಿಗೆ ಬೆರಳು ಊದುತ್ತದೆ. ಗಿಣ್ಣಿನಲ್ಲಿ ಸಿಕ್ಕಿಕೊಂಡ ಉಂಗುರವನ್ನು ತಳ್ಳುವ ದೃಶ್ಯ ವಿಡಿಯೋದಲ್ಲಿ ಚಂದ ಕಾಣದು.

ಹಾಲ್‌ಮಾರ್ಕ್ ಅಂದರೆ 2023ರ ಏಪ್ರಿಲ್ 1ರಿಂದ ಚಿನ್ನದ ಒಡವೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಶುದ್ಧತೆಯ ಅಂಕಿ, ಪ್ರತಿ ಒಡವೆಗೂ ಬೇರೆ ಇರುವ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ ಎಚ್‌ಯುಐಡಿ, ಮೂರೂ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ಅಂಗಡಿಯಲ್ಲೇ ನೋಡಿ. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯವಿಲ್ಲ, ತೆಳು ಉಂಗುರ ಕೊಳ್ಳುವವರು ಮೋಸಹೋಗುವುದು ಈ ಸಂದಿಯಲ್ಲೇ. ಬಿಲ್ಲಿನಲ್ಲಿ ಕ್ಯಾರೆಟ್ಟು, ತೂಕ, ಕಲ್ಲಿನ ತೂಕ ಬೇರೆ ಬೇರೆ ಬರೆಸಿ. ಸುತ್ತಲೂ ಕಲ್ಲು ಕೂರಿಸಿದ ಉಂಗುರವನ್ನು ಮುಂದೆ ದೊಡ್ಡದು ಚಿಕ್ಕದು ಮಾಡಲು ಆಗುವುದಿಲ್ಲ. ಅರ್ಧ ಮಾತ್ರ ಕಲ್ಲಿದ್ದು ಕೆಳಗೆ ಬರೀ ಚಿನ್ನ ಇರುವುದಾದರೆ ಸೈಜು ಬದಲಿಸಲು ಕೊಡಬಹುದು, ಕೊಡುವಾಗ ಎಚ್‌ಯುಐಡಿ ಕೊರೆದ ಜಾಗ ಬಿಟ್ಟು ಕತ್ತರಿಸಿ ಅಂತ ಬಾಯಿಬಿಟ್ಟು ಹೇಳಿ.